ಗ್ಲಾಸ್ಗೋ ಹತ್ತಿರ ಕಾರು-ಲಾರಿ ಕಾಟ ಇಲ್ಲದ ಡಾಂಬರು ರಸ್ತೆ ಎಲ್ಲಿದೆ? (ರೋಡ್ ಬೈಕ್, ಇಬ್ಬರು, ಕಾರಿಲ್ಲ)

ಹೊಸಪೆಡಲ್:

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋಗೆ ಬಂದು ಒಂದು ವರ್ಷ ಆಯಿತು. ಚಳಿಗಾಲ ಪೂರ್ತಿ ಕಿಟಕಿ ಪಕ್ಕ ಕೂತು ಮಳೆ ನೋಡಿದ್ದು ಸಾಕಾಗಿ ಮಾರ್ಚ್‌ನಲ್ಲಿ ಎರಡು ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡೆವು, ನನಗೊಂದು, ಹೆಂಡತಿಗೊಂದು. 25 ಎಂಎಂ ಟೈರು, ರಿಮ್ ಬ್ರೇಕು, ಮುಂದೆ ಸಣ್ಣ ಚಕ್ರ 34 ಹಲ್ಲು, ಹಿಂದೆ ದೊಡ್ಡದು 28.

ಹೋದ ವಾರ ರೈಲಲ್ಲಿ ಬಾಲಕ್‌ಗೆ ಹೋಗಿ ಲಾಖ್ ಲೋಮಂಡ್ ('ಲಾಖ್' ಅಂದರೆ ಇಲ್ಲಿ ಸರೋವರ) ಪಕ್ಕ ಮೇಲಕ್ಕೆ ಹೊರಟೆವು. ಟಾರ್ಬೆಟ್‌ವರೆಗೆ ಸೈಕಲ್ ದಾರಿ ಚೆನ್ನಾಗಿಯೇ ಇತ್ತು. ಇನ್ನೂ ಸ್ವಲ್ಪ ಮುಂದೆ ಹೋಗೋಣ ಅಂತ ನಾನೇ ಹೇಳಿದೆ, ತಪ್ಪು ನನ್ನದೇ. ಎ82 ರಸ್ತೆ ಅಲ್ಲಿಂದ ಮುಂದೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು, ಮಧ್ಯದಲ್ಲಿ ನಾವು. ಮರದ ದಿಮ್ಮಿ ತುಂಬಿದ ಲಾರಿಯೊಂದು ಹಿಂದೆ ಬಂದು ಉಸಿರು ಬಿಡುತ್ತಾ ನಿಂತಾಗ ಹೆಂಡತಿ ಸೈಕಲ್ ಇಳಿದು ಬಂಡೆಗೆ ಒರಗಿ ನಿಂತಳು. ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು: "ಇನ್ನು ಲಾರಿ ಇರೋ ಕಡೆ ನನ್ನನ್ನ ಕರೀಬೇಡ."

ಹಾಗಾಗಿ ಕೇಳುತ್ತಿದ್ದೇನೆ. ಗುಡ್ಡ ಬೇಕು, ನೀರು ಬೇಕು, ಗಾಡಿ ಬೇಡ. ಜಲ್ಲಿ ದಾರಿ ಆಗಲ್ಲ, ಡಾಂಬರೇ ಬೇಕು. ಕಾರು ಇಲ್ಲ, ರೈಲೇ ಗತಿ. ಒಂದು ದಿನದಲ್ಲಿ ಹೋಗಿ ಬರುವಂತಿರಬೇಕು. ಇದು ದುರಾಸೆ ಅನ್ನಿಸಿದರೆ ಹಾಗೇ ಹೇಳಿ, ಬೇಜಾರಿಲ್ಲ.

---

ಲಾಖ್‌ಹುಚ್ಚ:

ದುರಾಸೆ ಏನೂ ಅಲ್ಲ ಗುರು. ಈ ಊರಿನ ಪುಣ್ಯಕ್ಕೆ ನೀವು ಕೇಳಿದ್ದು ಹಾಗೇ ಇದೆ. ಅದರ ಹೆಸರು ಲಾಖ್ ಕ್ಯಾಟ್ರಿನ್.

ಮೊದಲು ಒಂದು ಮಾತು. ನಕ್ಷೆ ತೆಗೆದುಕೊಂಡು 'ಚಿಕ್ಕ ರಸ್ತೆ' ಹುಡುಕುತ್ತಾ ಕೂರಬೇಡಿ. ಇಲ್ಲಿ ಚಿಕ್ಕ ರಸ್ತೆಗಳೂ ಎಲ್ಲಿಂದಲೋ ಎಲ್ಲಿಗೋ ಒಳದಾರಿ ಆಗಿರುತ್ತವೆ, ಭಾನುವಾರ ಅದರಲ್ಲೇ ಎಲ್ಲರೂ ನುಗ್ಗುತ್ತಾರೆ. ನೀವು ಹುಡುಕಬೇಕಾದ್ದು ಎಲ್ಲಿಗೂ ಹೋಗದ ರಸ್ತೆ. ಮುಂದೆ ಹೋದರೆ ಗುಡ್ಡವೋ ನೀರೋ ಅಡ್ಡ ಬಂದು ಅಲ್ಲೇ ಮುಗಿಯುವ ರಸ್ತೆ. ಅಲ್ಲಿಗೆ ಹೋಗುವವನು ಒಂದೋ ಅಲ್ಲಿಯ ಮನೆಯವನು, ಇಲ್ಲಾಂದ್ರೆ ನಮ್ಮಂಥವನು. ಕಾರಿನವರಿಗೆ ಬಂದ ದಾರಿಯಲ್ಲೇ ವಾಪಸ್ ಹೋಗುವುದು ಅಂದರೆ ಆಗಲ್ಲ, ಸೈಕಲಿನವರಿಗೆ ಅದೇ ರಸ್ತೆ ತಿರುಗಿ ಬರುವಾಗ ಬೇರೆ ರಸ್ತೆ ಥರ ಇರುತ್ತದೆ.

ಕ್ಯಾಟ್ರಿನ್ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ. ನೀವು ಗ್ಲಾಸ್ಗೋದಲ್ಲಿ ಬೆಳಿಗ್ಗೆ ಹಲ್ಲುಜ್ಜುವ ನೀರು ಅಲ್ಲಿಂದ ಬರುವುದು. 1859ರಲ್ಲಿ ವಿಕ್ಟೋರಿಯಾ ರಾಣಿ ಬಂದು ಆ ಯೋಜನೆಗೆ ಚಾಲನೆ ಕೊಟ್ಟಳು. ಅವತ್ತಿನಿಂದ ಪಂಪು ಇಲ್ಲದೆ, ಬರೀ ಇಳಿಜಾರಿನಲ್ಲೇ, ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ಗ್ಲಾಸ್ಗೋ ಪಕ್ಕದ ಮಿಲ್ನ್‌ಗೇವಿಗೆ ನೀರು ಹರಿದು ಬರುತ್ತಿದೆ. (ಮಿಲ್ನ್‌ಗೇವಿ ಅಂತ ಬರೆಯುವುದು, 'ಮಲ್‌ಗಾಯ್' ಅಂತ ಕರೆಯುವುದು. ನಾನು ಮೊದಲ ಸಲ ರೈಲಲ್ಲಿ ಟಿಕೆಟ್ ಕೇಳಿದಾಗ ಆದ ಅವಮಾನ ಈಗ ಬೇಡ.) ಕುಡಿಯುವ ನೀರು ಅಂದ ಮೇಲೆ ದಡದ ರಸ್ತೆಗೆ ಕಂಡ ಕಂಡ ಗಾಡಿ ಬಿಡುವುದಿಲ್ಲ. ಉತ್ತರ ದಡದ ರಸ್ತೆಯಲ್ಲಿ ನೀರಿನ ಇಲಾಖೆಯವರ ವ್ಯಾನು ಮತ್ತು ಅಲ್ಲಿರುವ ನಾಲ್ಕಾರು ಮನೆಗಳವರ ಗಾಡಿ ಬಿಟ್ಟರೆ ಇನ್ಯಾವುದೂ ಓಡುವುದಿಲ್ಲ. ನಡೆಯುವವರಿಗೆ, ಸೈಕಲಿನವರಿಗೆ ಮುಕ್ತ.

ಪೂರ್ವದ ತುದಿ ಟ್ರಾಸಕ್ಸ್ ಪಿಯರ್ (ದೋಣಿಕಟ್ಟೆ). ಪಶ್ಚಿಮದ ಕಡೆ ಸ್ಟ್ರೋನಕ್‌ಲಾಕರ್. ಎರಡರ ಮಧ್ಯೆ ಸುಮಾರು 21 ಕಿಲೋಮೀಟರ್, ಡಾಂಬರು. ನೀರಿನ ಪಕ್ಕದ ರಸ್ತೆ ತಾನೇ, ಮಟ್ಟಸವಾಗಿರುತ್ತದೆ ಅಂತ ಹೋಗಬೇಡಿ. ಅದು ದಡದ ಗುಡ್ಡದ ಮೈಮೇಲೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದೂ ಉದ್ದದ ಏರಲ್ಲ, ಆದರೆ ಚಿಕ್ಕ ಚಿಕ್ಕ ಕಡಿದಾದ ಏರು ಲೆಕ್ಕಕ್ಕೆ ಸಿಗುವುದಿಲ್ಲ, ಇಳಿದ ಖುಷಿ ಮುಗಿಯುವ ಮೊದಲೇ ಇನ್ನೊಂದು ಬಂದಿರುತ್ತದೆ.

ರೂಢಿಯ ಸುತ್ತು ಇದು: ಅಬರ್ಫಾಯ್ಲ್ ಊರಿಂದ ಡ್ಯೂಕ್ಸ್ ಪಾಸ್ ಅನ್ನುವ ಘಾಟಿ ಹತ್ತಿ, ಇಳಿದು ಟ್ರಾಸಕ್ಸ್ ಪಿಯರ್, ಅಲ್ಲಿಂದ ಕ್ಯಾಟ್ರಿನ್ ದಡ ಹಿಡಿದು ಸ್ಟ್ರೋನಕ್‌ಲಾಕರ್, ಆಮೇಲೆ ಬಿ829 ರಸ್ತೆಯಲ್ಲಿ ಲಾಖ್ ಕಾನ್, ಲಾಖ್ ಆರ್ಡ್ ನೋಡುತ್ತಾ ವಾಪಸ್ ಅಬರ್ಫಾಯ್ಲ್. ಹತ್ತಿರ ಹತ್ತಿರ 50 ಕಿಲೋಮೀಟರ್. ನನ್ನ ಪ್ರಕಾರ ಈ ಸೀಮೆಯ ಅತಿ ಒಳ್ಳೆಯ ಅರ್ಧ ದಿನ. ಡ್ಯೂಕ್ಸ್ ಪಾಸ್‌ನಲ್ಲಿ ಮಾತ್ರ ಗಾಡಿ ಓಡಾಡುತ್ತವೆ, ಬಿಸಿಲಿನ ಭಾನುವಾರ ಮೋಟರ್‌ಸೈಕಲ್ಲಿನವರ ಜಾತ್ರೆ. ಬೆಳಿಗ್ಗೆ ಎಂಟರೊಳಗೆ ಅದನ್ನು ಹತ್ತಿ ಮುಗಿಸಿಬಿಡಿ, ಅಷ್ಟೇ.

---

ಎದುರುಗಾಳಿ:

ಮೇಲಿನವರು ಹೇಳಿದ್ದು ಸರಿ, ಆದರೆ ಕಾರಿಲ್ಲ ಅಂತ ಕೇಳಿದವರಿಗೆ ಅಬರ್ಫಾಯ್ಲ್‌ನಿಂದ ಶುರು ಮಾಡಿ ಅಂದರೆ ಹೇಗೆ ಸ್ವಾಮಿ? ಅಲ್ಲಿಗೆ ರೈಲೇ ಇಲ್ಲ. ಬಾಲಕ್‌ನಿಂದ ಸೈಕಲ್ಲಲ್ಲೇ ಹೋದರೆ ಬರೀ ಹೋಗುವುದಕ್ಕೇ ಮೂವತ್ತು ಕಿಲೋಮೀಟರ್ ಮೇಲೆ, ಸುತ್ತಿಗೆ ಐವತ್ತು, ಮತ್ತೆ ವಾಪಸ್ ಮೂವತ್ತು. ಹೊಸಬರಿಗೆ ಇದು ಆಗುವ ಮಾತಾ?

ಇನ್ನೊಂದು ವಿಷಯ, ಮೊದಲೇ ಹೇಳಿಬಿಡುತ್ತೇನೆ. ಬಾಲಕ್-ಡ್ರಿಮನ್-ಅಬರ್ಫಾಯ್ಲ್-ಕ್ಯಾಲಂಡರ್ ಕಡೆ ಹೋಗುವ ರಾಷ್ಟ್ರೀಯ ಸೈಕಲ್ ದಾರಿ ನಂಬರ್ 7 ಅಂತ ಒಂದಿದೆ, ಗ್ಲಾಸ್ಗೋ ದಾಟಿ ಇನ್ವರ್ನೆಸ್‌ವರೆಗೆ. ನೀಲಿ ಬೋರ್ಡು, ಕೆಂಪು ಚೌಕದಲ್ಲಿ 7. ಬೋರ್ಡು ನೋಡಿ 'ಆಹಾ ಸೈಕಲ್ ದಾರಿ' ಅಂತ 25 ಎಂಎಂ ಟೈರಿನಲ್ಲಿ ನುಗ್ಗಬೇಡಿ. ನಾನು ನುಗ್ಗಿದ್ದೆ. ಅಬರ್ಫಾಯ್ಲ್ ದಾಟಿದ ಮೇಲೆ ಅದು ಕಾಡಿನ ಒಳಗೆ ಹೋಗುತ್ತದೆ, ದಿಮ್ಮಿ ಲಾರಿಗೆ ಅಂತ ಮಾಡಿದ ಜಲ್ಲಿ ರಸ್ತೆ, ಮುಷ್ಟಿ ಗಾತ್ರದ ಕಲ್ಲು. ಒಂದೇ ಮಧ್ಯಾಹ್ನ ಎರಡು ಪಂಕ್ಚರ್, ಇದ್ದದ್ದು ಒಂದೇ ಟ್ಯೂಬು. ಗಾಡಿ ಇಲ್ಲದ ದಾರಿ ಅಂದ ಕೂಡಲೇ ರೋಡ್ ಬೈಕಿನ ದಾರಿ ಅಂತ ಅಲ್ಲ. ಹೋಗುವ ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಯಾವುದಾದರೂ ಆ್ಯಪ್‌ನಲ್ಲಿ ರಸ್ತೆಯ ಮೈ ಏನು ಅಂತ ನೋಡಿ, ಡಾಂಬರೋ ಜಲ್ಲಿಯೋ ಬಣ್ಣದಲ್ಲಿ ತೋರಿಸುತ್ತದೆ.

ನಿಮಗೆ ನನ್ನ ಸಲಹೆ ಬೇರೆ. ಹಿಂದಿನಿಂದ ಒಳಗೆ ಹೋಗಿ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ವೆಸ್ಟ್ ಹೈಲ್ಯಾಂಡ್ ಲೈನಿನ ರೈಲು ಹಿಡಿದು 'ಆರೋಕರ್ ಅಂಡ್ ಟಾರ್ಬೆಟ್' ಸ್ಟೇಷನ್ನಿನಲ್ಲಿ ಇಳಿಯಿರಿ. ಬಾಲಕ್ ರೈಲಿಗೆ ಸೈಕಲ್ ಬುಕ್ ಮಾಡುವುದು ಬೇಕಿಲ್ಲ, ಇದಕ್ಕೆ ಬೇಕು, ಮರೆಯಬೇಡಿ. 2021ರಿಂದ ಓಬನ್ ಕಡೆಯ ಕೆಲವು ರೈಲಿಗೆ ಸೈಕಲಿಗೆ ಅಂತಲೇ ಒಂದು ಡಬ್ಬಿ ಸೇರಿಸಿದ್ದಾರೆ, 20 ಸೈಕಲ್ ಹಿಡಿಯುತ್ತದೆ, ಅದಿರುವ ರೈಲು ಸಿಕ್ಕಿದರೆ ಆರಾಮ.

ಸ್ಟೇಷನ್ನಿನಿಂದ ಕೆಳಗಿಳಿದರೆ ಟಾರ್ಬೆಟ್ ಪಿಯರ್. ಬೇಸಿಗೆ ತಿಂಗಳುಗಳಲ್ಲಿ ಅಲ್ಲಿಂದ ಲೋಮಂಡ್ ದಾಟಿ ಇನ್ವರ್‌ಸ್ನೇಡ್‌ಗೆ ದೋಣಿ ಇದೆ, ಸೈಕಲ್ ಹತ್ತಿಸಿಕೊಳ್ಳುತ್ತಾರೆ. ನಿಮ್ಮನ್ನು ಹೆದರಿಸಿದ ಎ82 ಈ ದಡದಲ್ಲೇ ಉಳಿಯುತ್ತದೆ, ನೀವು ಆ ದಡದಲ್ಲಿ. ಇನ್ವರ್‌ಸ್ನೇಡ್‌ನಲ್ಲಿ ಒಂದು ಹೋಟೆಲು, ಒಂದು ಜಲಪಾತ, ಒಂದೇ ರಸ್ತೆ. ಆ ರಸ್ತೆ ಅಲ್ಲೇ ಮುಗಿಯುವುದು, ನಿಮಗೆ ಮಾತ್ರ ಅಲ್ಲಿಂದ ಶುರು.

ದೋಣಿ ಇಳಿದ ಕೂಡಲೇ ಏರು, ಅದು ಮಾತ್ರ ಬರಗಾಲದ ಸಾಲ ಇದ್ದ ಹಾಗೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಲೋಮಂಡ್ ನೀರು ಸಮುದ್ರಕ್ಕಿಂತ ಹತ್ತು ಮೀಟರೂ ಎತ್ತರದಲ್ಲಿಲ್ಲ, ಮೇಲಿನ ಲಾಖ್ ಆರ್ಕ್ಲೆಟ್ ಸುಮಾರು 140 ಮೀಟರ್. ಆ ಎತ್ತರವನ್ನೆಲ್ಲ ಸ್ವಲ್ಪದರಲ್ಲೇ ಹತ್ತಿಸುತ್ತಾರೆ. ಹತ್ತಿದ ಮೇಲೆ ಆರ್ಕ್ಲೆಟ್ ಪಕ್ಕ ರಸ್ತೆ ನೇರ, ಸಲೀಸು. ಇಲ್ಲೊಂದು ಮಜಾ ಇದೆ: ಆರ್ಕ್ಲೆಟ್ ನೀರು ಮೊದಲು ಪಶ್ಚಿಮಕ್ಕೆ ಹರಿದು ಲೋಮಂಡ್ ಸೇರುತ್ತಿತ್ತು. ಗ್ಲಾಸ್ಗೋಗೆ ನೀರು ಸಾಲದೆ ಪಶ್ಚಿಮದ ಬಾಯಿಗೆ ಕಟ್ಟೆ ಕಟ್ಟಿ, ನೀರನ್ನು ತಿರುಗಿಸಿ ಪೂರ್ವಕ್ಕೆ ಕ್ಯಾಟ್ರಿನ್‌ಗೆ ಬಿಟ್ಟರು. ಇನ್ವರ್‌ಸ್ನೇಡ್‌ನಿಂದ ಸ್ಟ್ರೋನಕ್‌ಲಾಕರ್‌ಗೆ ಆರೇಳು ಕಿಲೋಮೀಟರ್. ಅಲ್ಲಿಂದ ಗೇಟು ದಾಟಿದರೆ ಕ್ಯಾಟ್ರಿನ್ ರಸ್ತೆ ನಿಮ್ಮದೇ.

ಈಗ ಗಾಳಿ ಬಗ್ಗೆ. (ಹೆಸರು ಸುಮ್ನೆ ಇಟ್ಟುಕೊಂಡಿಲ್ಲ.) ಇಲ್ಲಿ ಹೆಚ್ಚಿನ ದಿನ ನೈಋತ್ಯದಿಂದ ಬೀಸುತ್ತದೆ. ಸ್ಟ್ರೋನಕ್‌ಲಾಕರ್‌ನಿಂದ ಹೊರಟು ಲಾಖ್‌ನ ತಲೆ (ಪಶ್ಚಿಮದ ತುದಿ) ಸುತ್ತಿ ಪೂರ್ವಕ್ಕೆ ತಿರುಗಿದರೆ ಗಾಳಿ ಬೆನ್ನಿಗೆ. ಏನು ಕಾಲು ನಂದು ಅಂತ ಅನ್ನಿಸುತ್ತದೆ. ಟ್ರಾಸಕ್ಸ್ ಪಿಯರ್ ಮುಟ್ಟಿ ವಾಪಸ್ ತಿರುಗಿದಾಗ ಗೊತ್ತಾಗುತ್ತದೆ ಕಾಲು ಯಾರದ್ದು ಅಂತ. ಹೋಗುವಾಗ ಒಂದೂಕಾಲು ಗಂಟೆ ಆದದ್ದು ಬರುವಾಗ ಎರಡು ಗಂಟೆ ಆಗಬಹುದು, ಆ ಕಡೆ ಇನ್ವರ್‌ಸ್ನೇಡ್‌ನಲ್ಲಿ ಕೊನೆಯ ದೋಣಿ ನಿಮಗೆ ಕಾಯುವುದಿಲ್ಲ. ದೋಣಿ ತಪ್ಪಿದರೆ ಆ ದಡದಿಂದ ಟಾರ್ಬೆಟ್‌ಗೆ ನೇರ ರಸ್ತೆಯೇ ಇಲ್ಲ. ಹಾಗಾಗಿ ವಾಪಸ್ ಬರುವ ಲೆಕ್ಕ ಮೊದಲು ಹಾಕಿ.

---

ಲಾಖ್‌ಹುಚ್ಚ:

ಒಪ್ಪಿದೆ, ಕಾರಿಲ್ಲ ಅಂದದ್ದು ಓದಿಯೂ ಮರೆತೆ. ಆದರೆ ಡ್ಯೂಕ್ಸ್ ಪಾಸ್ ಬಿಟ್ಟು ಹೋಗುವುದು ಅಂದರೆ ಸಂಕಟ ಆಗುತ್ತದೆ, ಇರಲಿ, ಅದು ಇನ್ನೊಂದು ದಿನಕ್ಕೆ.

ಮತ್ತೆ ಬೆನ್ನಿನ ಗಾಳಿ ಮೊದಲು, ಎದುರು ಗಾಳಿ ಆಮೇಲೆ ಅನ್ನುವುದು ಎಂದಿಗೂ ತಪ್ಪು ಲೆಕ್ಕ. ನಾನಾದರೆ ಎದುರು ಗಾಳಿಯನ್ನು ಬೆಳಿಗ್ಗೆಯೇ ತಿಂದು ಮುಗಿಸುತ್ತೇನೆ.

---

ಎದುರುಗಾಳಿ:

ದೋಣಿ ಇರುವುದು ಪಶ್ಚಿಮದಲ್ಲಿ ಸ್ವಾಮಿ. ಗಾಳಿ ಬರುವುದೂ ಪಶ್ಚಿಮದಿಂದ. ನಾನೇನು ಮಾಡಲಿ?

---

ಸೈಕಲ್‌ಅಕ್ಕ:

ಜಗಳ ನಿಲ್ಲಿಸಿ ಇಬ್ಬರೂ. ಕ್ಯಾಟ್ರಿನ್ ಮೇಲೆ ಸ್ಟೀಮರ್ ಇದೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲವಾ?

ಹೊಸಪೆಡಲ್ ಅವರೇ, ಸ್ಟ್ರೋನಕ್‌ಲಾಕರ್‌ನಿಂದ ಟ್ರಾಸಕ್ಸ್ ಪಿಯರ್‌ಗೆ ಬೆನ್ನಿನ ಗಾಳಿಯಲ್ಲಿ 21 ಕಿಲೋಮೀಟರ್ ಓಡಿಸಿ. ಅಲ್ಲಿಂದ ಸೈಕಲ್ ಸಮೇತ ದೋಣಿ ಹತ್ತಿ ಸ್ಟ್ರೋನಕ್‌ಲಾಕರ್‌ಗೆ ವಾಪಸ್ ಬನ್ನಿ, ಆಮೇಲೆ ಆರ್ಕ್ಲೆಟ್ ದಾಟಿ ಇನ್ವರ್‌ಸ್ನೇಡ್‌ಗೆ ಇಳಿಯಿರಿ. ತುಳಿಯುವುದು ಒಟ್ಟು 35 ಕಿಲೋಮೀಟರ್ ಅಷ್ಟೇ. ಸೈಕಲಿಗೆ ಜಾಗ ಕಡಿಮೆ, ಮುಂಚೆಯೇ ಬುಕ್ ಮಾಡಿ. ದೋಣಿ ಎರಡೂ ಕಡೆ ಎಲ್ಲ ಹೊತ್ತಿಗೂ ಹೋಗುವುದಿಲ್ಲ, ಸುಮ್ಮನೆ ಒಂದು ಸುತ್ತು ಹಾಕಿ ಅಲ್ಲೇ ಇಳಿಸುವ ಟ್ರಿಪ್ಪೂ ಇರುತ್ತದೆ, ಸ್ಟ್ರೋನಕ್‌ಲಾಕರ್‌ಗೆ ಹೋಗುವುದೇ ಅಂತ ಖಾತ್ರಿ ಮಾಡಿಕೊಳ್ಳಿ. ಲೋಮಂಡ್ ದೋಣಿ, ಕ್ಯಾಟ್ರಿನ್ ದೋಣಿ, ರೈಲು, ಈ ಮೂರರ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಳ್ಳಿ. ಫೋನ್‌ನಲ್ಲಿ ನೋಡುತ್ತೇನೆ ಅನ್ನಬೇಡಿ, ಅಲ್ಲಿ ಸಿಗ್ನಲ್ ಬರುವುದು ದೇವರ ದಯೆ.

ಅಲ್ಲಿಯ ಹಳೇ ಸ್ಟೀಮರ್ 'ಸರ್ ವಾಲ್ಟರ್ ಸ್ಕಾಟ್' 1899ರಲ್ಲಿ ಕಟ್ಟಿದ್ದು. ಬೇರೆ ಕಡೆ ತಯಾರಿಸಿ, ಬಿಚ್ಚಿ, ತುಂಡು ತುಂಡಾಗಿ ಇಲ್ಲಿಗೆ ತಂದು ಮತ್ತೆ ಜೋಡಿಸಿದರಂತೆ. ನಮ್ಮ ಮಗ ಇಡೀ ಪ್ರಯಾಣ ಇಂಜಿನ್ ನೋಡುತ್ತಾ ನಿಂತಿದ್ದ, ಬೆಟ್ಟ ನೋಡೋ ಅಂದರೆ ತಿರುಗಿಯೂ ನೋಡಲಿಲ್ಲ.

ಇನ್ನೊಂದು ಮಾತು, ನಿಮ್ಮ ಹೆಂಡತಿಗೆ ಅಂತಲೇ ಬರೆಯುತ್ತಿದ್ದೇನೆ. ನನಗೂ ಹಾಗೇ ಆಗಿತ್ತು. ಎರಡು ವರ್ಷ ರಸ್ತೆಗೆ ಇಳಿಯಲಿಲ್ಲ. ಕ್ಯಾಟ್ರಿನ್‌ನಲ್ಲಿ ಮೊದಲ ಸಲ ಓಡಿಸಿದಾಗ ಒಂದು ಹತ್ತು ನಿಮಿಷ ಆದ ಮೇಲೆ ಏನೋ ಬೇರೆ ಇದೆಯಲ್ಲ ಅಂತ ಅನ್ನಿಸಿತು, ಆಮೇಲೆ ತಿಳಿಯಿತು, ನಾನು ಹಿಂದೆ ಕಿವಿ ಕೊಡುವುದನ್ನು ನಿಲ್ಲಿಸಿದ್ದೆ. ಭುಜ ಎರಡೂ ಕಿವಿ ಹತ್ತಿರ ಇದ್ದದ್ದು ಕೆಳಗೆ ಇಳಿದಿತ್ತು. ಆದರೂ ಪೂರ್ತಿ ಮೈಮರೆಯಬೇಡಿ, ಯಾವಾಗಲೋ ಒಂದು ವ್ಯಾನು ಬಂದೇ ಬರುತ್ತದೆ, ರಸ್ತೆ ಒಂದು ಗಾಡಿಯಷ್ಟೇ ಅಗಲ, ತಿರುವಿನಲ್ಲಿ ಎಡಕ್ಕೇ ಇರಿ. ಪಿಯರ್ ಹತ್ತಿರದ ಎರಡು ಮೂರು ಕಿಲೋಮೀಟರ್ ಬಾಡಿಗೆ ಸೈಕಲಿನ ಮಕ್ಕಳು, ನಾಯಿ, ತಳ್ಳುಗಾಡಿಯಲ್ಲಿ ಪಾಪು, ಎಲ್ಲ ಇರುತ್ತಾರೆ. ಅಲ್ಲಿ ನೀವೇ ಅವರಿಗೆ ಲಾರಿ. ಬೆಲ್ ಹೊಡೆದು ನಿಧಾನಕ್ಕೆ ಹೋಗಿ.

---

ಚೈನ್‌ಎಣ್ಣೆ:

ಸೈಕಲ್ ಬಗ್ಗೆ ಯಾರೂ ಮಾತಾಡಲಿಲ್ಲ. ಇನ್ವರ್‌ಸ್ನೇಡ್ ಏರಿಗೆ 34-28 ಅಂದರೆ ಮಂಡಿಗೆ ಕಷ್ಟ.

ಲೆಕ್ಕ ಸುಲಭ. ಚಕ್ರದ ಸುತ್ತಳತೆ 2.1 ಮೀಟರ್ ಅಂತಿಟ್ಟುಕೊಳ್ಳಿ. 34ನ್ನು 28ರಿಂದ ಭಾಗಿಸಿ 2.1ರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡೆ ಹೊಸಬರು ಗಂಟೆಗೆ 8 ಕಿಲೋಮೀಟರ್ ಹೋದರೆ ದೊಡ್ಡದು. ಆ ವೇಗದಲ್ಲಿ ನಿಮ್ಮ ಕಾಲು ನಿಮಿಷಕ್ಕೆ 52 ಸುತ್ತು ತಿರುಗುತ್ತದೆ. ಅದು ತುಳಿಯುವುದಲ್ಲ, ರುಬ್ಬುವ ಕಲ್ಲು ತಿರುಗಿಸುವುದು. ಹಿಂದೆ 32 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದರೆ ಅದೇ ವೇಗಕ್ಕೆ 60 ಸುತ್ತು. ಎಂಟು ಸುತ್ತು ಏನು ಮಹಾ ಅನ್ನಿಸಬಹುದು, ಏರಿನಲ್ಲಿ ಗೊತ್ತಾಗುತ್ತದೆ. ಹಾಕಿಸುವ ಮೊದಲು ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) 32ಕ್ಕೆ ಒಗ್ಗುತ್ತದಾ ಕೇಳಿ, ಕತ್ತು ಚಿಕ್ಕದಿರುವ ಹಳೇ ಡಿರೇಲರ್ ಒಗ್ಗುವುದಿಲ್ಲ. ಚೈನೂ ಸ್ವಲ್ಪ ಉದ್ದದ್ದು ಬೇಕಾಗಬಹುದು.

ಟೈರು: ಫ್ರೇಮಿನಲ್ಲಿ, ಬ್ರೇಕಿನಲ್ಲಿ ಜಾಗ ಇದ್ದರೆ 28 ಎಂಎಂ ಹಾಕಿ, ಗಾಳಿ ಸ್ವಲ್ಪ ಕಡಿಮೆ ಹೊಡೆಯಿರಿ. ಕ್ಯಾಟ್ರಿನ್ ಡಾಂಬರು ಹೆದ್ದಾರಿಯ ಡಾಂಬರಲ್ಲ, ಮರದ ಕೆಳಗೆ ಪಾಚಿ, ಇಳಿಜಾರಿನ ಬುಡದಲ್ಲಿ ಮಳೆ ನೀರು ತಂದು ಹಾಕಿದ ಸಣ್ಣ ಜಲ್ಲಿ ಇರುತ್ತದೆ, ಅದೂ ಸರಿಯಾಗಿ ನೀವು ತಿರುಗುವ ಜಾಗದಲ್ಲೇ.

ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿಯಬೇಡಿ. ಹೊಸಬರೆಲ್ಲ ಮಾಡುವ ತಪ್ಪು ಇದು. ರಿಮ್ ಬಿಸಿಯಾಗುತ್ತದೆ, ಬೆರಳು ಸೋಲುತ್ತದೆ, ಬೇಕಾದಾಗ ಹಿಡಿತ ಇರುವುದಿಲ್ಲ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಬಿಡಿ. ಮಳೆ ಬಂದಿದ್ದರೆ ರಿಮ್ ಬ್ರೇಕು ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುತ್ತದೆ, ಹಿಡಿಯುವುದೇ ಇಲ್ಲ. ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ದನ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಕಿರುವ ಜಾಗ ಇಲ್ಲಿಯ ಗುಡ್ಡದ ರಸ್ತೆಗಳಲ್ಲಿ ಸಿಗುತ್ತವೆ. ನೆಟ್ಟಗೆ ದಾಟಿ. ಓರೆಯಾಗಿ ಹೋದರೆ, ಅದೂ ಒದ್ದೆ ಇದ್ದಾಗ, ನಾನು ಹೋದ ಹಾಗೇ ಹೋಗುತ್ತೀರಿ. ಮೊಣಕೈ ಗುರುತು ಇನ್ನೂ ಇದೆ.

---

ಹೊಸಪೆಡಲ್:

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ, ಸ್ಟೀಮರ್ ಅಂದ ಕೂಡಲೇ ಒಪ್ಪಿದಳು. ನನ್ನ ಸೈಕಲಿಗಲ್ಲ, ಸ್ಟೀಮರಿಗೆ.

ಎರಡು ಸಣ್ಣ ಪ್ರಶ್ನೆ. ಜೂನ್‌ನಲ್ಲಿ ಹೋದರೆ ಪರವಾಗಿಲ್ವಾ? ಮತ್ತೆ ಇನ್ವರ್‌ಸ್ನೇಡ್‌ನಿಂದ ಸ್ಟ್ರೋನಕ್‌ಲಾಕರ್ ರಸ್ತೆಯಲ್ಲಿ ಕಾರು ಬರಬಹುದು ಅಲ್ವಾ, ಅಷ್ಟು ಸಣ್ಣ ರಸ್ತೆಯಲ್ಲಿ ಎದುರು ಬಂದರೆ ಏನು ಮಾಡುವುದು?

---

ಎದುರುಗಾಳಿ:

ಜೂನ್ ಒಳ್ಳೆಯದು. ಬೆಳಿಗ್ಗೆ ನಾಲ್ಕೂವರೆಗೇ ಸೂರ್ಯ ಬರುತ್ತಾನೆ, ರಾತ್ರಿ ಹತ್ತರವರೆಗೆ ಬೆಳಕು. ಕತ್ತಲಾಯಿತು ಅನ್ನುವ ಭಯ ಇಲ್ಲ.

ಸಣ್ಣ ರಸ್ತೆಯಲ್ಲಿ ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಅಂತ ಬೋರ್ಡು ಹಾಕಿ ರಸ್ತೆ ಅಗಲ ಮಾಡಿರುತ್ತಾರೆ. ಎದುರು ಗಾಡಿ ಬಂದರೆ ಯಾರಿಗೆ ಹತ್ತಿರವೋ ಅವರು ಅಲ್ಲಿ ನಿಲ್ಲುತ್ತಾರೆ, ಕೈ ಎತ್ತುತ್ತಾರೆ, ಹೋಗುತ್ತಾರೆ. ಹಿಂದಿನಿಂದ ಬಂದರೂ ಅಷ್ಟೇ, ಅಲ್ಲಿ ನಿಂತು ಮುಂದೆ ಬಿಡಿ. ಅಂಚಿಗೆ ಅಂಟಿಕೊಂಡು ಹೋದರೆ ಸಂದಿಯಲ್ಲಿ ನುಗ್ಗುವ ಆಸೆ ಅವರಿಗೆ ಬರುತ್ತದೆ, ಸ್ವಲ್ಪ ಒಳಗೇ ಇರಿ. 2022ರಿಂದ ಇಲ್ಲಿಯ ಹೈವೇ ಕೋಡ್‌ನಲ್ಲಿ ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಬೇಕು ಅಂತ ಬರೆದಿದ್ದಾರೆ. ಈ ರಸ್ತೆಯ ಅಗಲದಲ್ಲಿ ಒಂದೂವರೆ ಮೀಟರ್ ಬಿಡಬೇಕಾದರೆ ಕಾರು ಹೊಲದಲ್ಲಿ ಹೋಗಬೇಕು. ಅದಕ್ಕೇ ನಿಂತು ಬಿಡುವುದು ವಾಸಿ.

---

ಸೈಕಲ್‌ಅಕ್ಕ:

ಜೂನ್ ಅಂದರೆ ಮಿಜ್! ಯಾರೂ ಹೇಳಲಿಲ್ಲವಾ? ನಮ್ಮ ಕಡೆಯ ನೊರಜಿನ ಥರದ್ದು, ಅದಕ್ಕಿಂತ ಚಿಕ್ಕದು, ಕಚ್ಚುತ್ತದೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಬೆಳಿಗ್ಗೆ, ಸಂಜೆ, ಮೋಡ ಕವಿದು ಗಾಳಿ ಇಲ್ಲದಾಗ ಜಾಸ್ತಿ. ಸ್ವಲ್ಪ ಗಾಳಿ ಬೀಸಿದರೂ ಅವಕ್ಕೆ ಹಾರಲು ಆಗುವುದಿಲ್ಲ, ಸೈಕಲ್ ಓಡುತ್ತಿರುವಾಗ ತೊಂದರೆ ಇಲ್ಲ. ನಿಂತಿರೋ ಕೆಟ್ಟಿರಿ. ತಲೆಗೆ ಹಾಕುವ ಬಲೆ ಸಿಗುತ್ತದೆ, ನೋಡಲು ಜೇನು ಕೀಳುವವರ ಥರ ಕಾಣುತ್ತೀರಿ, ನಾಚಿಕೆ ಪಡಬೇಡಿ.

---

ಹೊಸಪೆಡಲ್ (ಮೂರು ವಾರ ಆದ ಮೇಲೆ):

ಹೋಗಿ ಬಂದೆವು! ಹೇಗಿತ್ತು ಅಂತ ಬರೆಯಲೇಬೇಕು.

ಶನಿವಾರ. ರೈಲು, ಲೋಮಂಡ್ ದೋಣಿ ಎಲ್ಲ ಸರಿಯಾಗಿ ಸಿಕ್ಕಿತು. ಇನ್ವರ್‌ಸ್ನೇಡ್ ಏರಿನಲ್ಲಿ 28 ಹಲ್ಲಿನಲ್ಲೇ ಹೋದೆ (ಚೈನ್‌ಎಣ್ಣೆ ಅವರೇ, ಕ್ಷಮಿಸಿ, ಅಂಗಡಿಯಲ್ಲಿ 32ರದ್ದು ಬರಲು ಎರಡು ವಾರ ಅಂದರು). ಎರಡನೇ ತಿರುವಿನಲ್ಲಿ ಇಬ್ಬರೂ ಇಳಿದು ತಳ್ಳಿದೆವು. ಅಲ್ಲಿ ಹಿಂದೆ ತಿರುಗಿ ನೋಡಿದರೆ ಲೋಮಂಡ್ ಆಚೆ ದಡದಲ್ಲಿ ಎ82 ಕಾಣುತ್ತಿತ್ತು, ಅದೇ ರಸ್ತೆ, ಲಾರಿಗಳು ಬೆಂಕಿಪೆಟ್ಟಿಗೆ ಥರ ಒಂದರ ಹಿಂದೆ ಒಂದು, ಸದ್ದೇ ಇಲ್ಲ. ಹೆಂಡತಿ ಒಂದು ನಿಮಿಷ ನಿಂತು ಅದನ್ನೇ ನೋಡಿದಳು.

ಆರ್ಕ್ಲೆಟ್ ಪಕ್ಕ ಮೂರು ಕಾರು ಬಂದವು, ಮೂವರೂ ನಿಂತು ದಾರಿ ಬಿಟ್ಟರು. ಕ್ಯಾಟ್ರಿನ್ ರಸ್ತೆಯಲ್ಲಿ 21 ಕಿಲೋಮೀಟರಿಗೆ ಎಣಿಸಿ ಎರಡು ಗಾಡಿ: ಒಂದು ವ್ಯಾನು, ಒಂದು ಪಿಕಪ್ಪು, ಅದರ ಹಿಂದೆ ನಾಯಿ ಕೂತಿತ್ತು. ಲಾಖ್ ತಲೆಯ ಹತ್ತಿರ ಗ್ಲೆನ್‌ಗೈಲ್ ಅನ್ನುವ ಕಡೆ ಬಿಳೀ ಮನೆ ಇದೆ, ರಾಬ್ ರಾಯ್ ಮ್ಯಾಕ್‌ಗ್ರೆಗರ್ ಹುಟ್ಟಿದ ಜಾಗವಂತೆ, 1671ರಲ್ಲಿ. ಸ್ವಲ್ಪ ಮುಂದೆ ನೀರಿನೊಳಕ್ಕೆ ಚಾಚಿದ ಒಂದು ಕಲ್ಲಿನ ದಾರಿ, ಅದರ ತುದಿಯಲ್ಲಿ ಗೋಡೆ ಕಟ್ಟಿದ ಮ್ಯಾಕ್‌ಗ್ರೆಗರ್ ಮನೆತನದ ಸ್ಮಶಾನ. ಗ್ಲಾಸ್ಗೋಗೆ ನೀರು ಕೊಡಲು ಲಾಖ್ ಮಟ್ಟ ಏರಿಸಿದಾಗ ಅದನ್ನು ಮುಳುಗಲು ಬಿಡದೆ ಉಳಿಸಿಕೊಂಡರಂತೆ.

ಸರಿಯಾಗಿ ಅಲ್ಲೇ ನನ್ನ ಹಿಂದಿನ ಟೈರು ಪಂಕ್ಚರ್. ಮರದ ಕೆಳಗೆ, ನೀರಿನ ಪಕ್ಕ, ಗಾಳಿ ನಿಂತಿತ್ತು. ಅಕ್ಕಾ, ನೀವು ಹೇಳಿದ್ದು ಕಡಿಮೆಯೇ ಆಯಿತು. ಟೈರ್ ಲಿವರ್ ಹಿಡಿದ ಕೈ ಮೇಲೆ ಎಳ್ಳು ಚೆಲ್ಲಿದ ಹಾಗೆ ಕೂತವು. ಹೆಂಡತಿ ಒಂದು ಕಡೆ ನಿಲ್ಲದೆ ನನ್ನ ಸುತ್ತ ಸೈಕಲ್ಲಿನಲ್ಲೇ ಸುತ್ತುತ್ತಾ, "ಬೇಗ, ಬೇಗ" ಅನ್ನುತ್ತಿದ್ದಳು. ಟೈರ್ ಒಳಗೆ ಬೆರಳಾಡಿಸಿ ನೋಡಿದರೆ ಭತ್ತದ ಕಾಳಿನಷ್ಟು ಉದ್ದದ ಕಲ್ಲಿನ ಚೂರು. ಅದನ್ನು ಕೀಳದೆ ಹೊಸ ಟ್ಯೂಬು ಹಾಕುವವನಿದ್ದೆ, ಹಾಕಿದ್ದರೆ ನೂರು ಮೀಟರಿಗೆ ಮತ್ತೆ ಅದೇ ಕಥೆ. ಕೈಪಂಪಿನಲ್ಲಿ ಹೊಡೆದಷ್ಟು ಹೊಡೆದು ಓಡಿದೆವು.

ಅಲ್ಲಿಂದ ಟ್ರಾಸಕ್ಸ್ ಪಿಯರ್‌ವರೆಗೆ ಹಿಂದೆ ಗಾಳಿ, ಮುಂದೆ ಸ್ಟೀಮರಿನ ಭಯ. ಏರಿನಲ್ಲೂ ಹೆಂಡತಿ ನನಗಿಂತ ಮುಂದೆ. ದೋಣಿಗೆ ಆರು ನಿಮಿಷ ಇತ್ತು. ವಾಪಸ್ ಬರುವಾಗ ನಾವು ಓಡಿಸಿದ ರಸ್ತೆ ದಡದಲ್ಲಿ ದಾರದ ಹಾಗೆ ಕಾಣುತ್ತಿತ್ತು, ಅಲ್ಲಿ ಏರು, ಇಲ್ಲಿ ಇಳಿತ ಅಂತ ಅವಳೇ ಬೆರಳು ಮಾಡಿ ತೋರಿಸುತ್ತಿದ್ದಳು.

ಈಗ ಅವಳ ಪ್ರಶ್ನೆ, ನನ್ನದಲ್ಲ: ಇದೇ ಥರ ಇನ್ನೊಂದು ಇದೆಯಾ?

---

ಲಾಖ್‌ಹುಚ್ಚ:

ಇದೆ. ಬಾಲ್‌ಕ್ವಿಡರ್ ('ಬಾಲ್‌ವಿಡರ್' ಅನ್ನಿ). ಲಾಖ್ ವಾಯಿಲ್ ಪಕ್ಕ ಒಂದು ಗಾಡಿ ಅಗಲದ ಡಾಂಬರು, ಇನ್ವರ್‌ಲಾಕ್‌ಲಾರಿಗ್ ಹತ್ತಿರ ಮುಗಿಯುತ್ತದೆ. ಅಲ್ಲಿ ಮನೆಯವರ, ಬೆಟ್ಟ ಹತ್ತುವವರ ಕಾರು ಕೆಲವು ಬರುತ್ತವೆ, ಕ್ಯಾಟ್ರಿನ್‌ನಷ್ಟು ಖಾಲಿ ಅಲ್ಲ. ನೀವು ನೋಡಿದ ರಾಬ್ ರಾಯ್ 1734ರಲ್ಲಿ ಸತ್ತದ್ದು ಆ ರಸ್ತೆಯ ತುದಿಯಲ್ಲೇ, ಸಮಾಧಿ ಬಾಲ್‌ಕ್ವಿಡರ್ ಚರ್ಚಿನ ಅಂಗಳದಲ್ಲಿ. ಗ್ಲೆನ್‌ಗೈಲ್‌ನಿಂದ ಬೆಟ್ಟ ದಾಟಿದರೆ ಅದೇ ಕಣಿವೆ.

ರೈಲಿಲ್ಲ. ಕ್ಯಾಲಂಡರ್‌ನಿಂದ ಲಾಖ್ ಲುಬ್ನೇಗ್ ಪಶ್ಚಿಮ ದಡದಲ್ಲಿ 1965ರಲ್ಲಿ ನಿಂತುಹೋದ ರೈಲಿನ ಹಳೇ ಹಾದಿ ಇದೆ, ಅದೇ ನಂಬರ್ 7. ರೈಲಿಗೆ ಮಾಡಿದ್ದಾದ್ದರಿಂದ ಏರು ಕಡಿಮೆ. ಆದರೆ ಕೆಲವು ಕಡೆ ಡಾಂಬರು, ಕೆಲವು ಕಡೆ ಜಲ್ಲಿ.

---

ಚೈನ್‌ಎಣ್ಣೆ:

ಅದಕ್ಕೇ 28 ಎಂಎಂ ಹಾಕಿ ಅಂದದ್ದು. ಮತ್ತೆ ಟ್ಯೂಬು ಎರಡು ಇಟ್ಟುಕೊಳ್ಳಿ, ತಲೆಗೆ ಒಂದರಂತೆ ಅಲ್ಲ, ತಲೆಗೆ ಎರಡು.